ಅತ್ತಿಗೆಯ ಅಳಿಯನ ಸ್ವೆಟರ್

ರಾಜಾಜಿನಗರ, ಬೆಂಗಳೂರು
೧೨-೧೦-೧೯೭೩

ಪ್ರೀತಿಯ ಅಮ್ಮಾ,

ನಿನ್ನ ವತ್ಸಲೆಯ ನಮಸ್ಕಾರ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೋಮಾರಿತನವೋ? ಇಲ್ಲಿ ಇವರೂ ನಾನೂ ಚೆನ್ನಾಗಿದ್ದೇವೆ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಗಿದೆ, ಯಾಕೆ ಅಂತ ಕೇಳು.

ನಮ್ಮ ಜೊತೆಯಲ್ಲೇ ಇರುವ ಇವರ ಅಕ್ಕ, ಪುಟ್ಟಲಕ್ಷ್ಮಿ ಅತ್ತಿಗೆ, ಮಗಳ ಮದುವೆಯಲ್ಲಿ ನನ್ನ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡು, ಛತ್ರದ ಜನರೆಲ್ಲರ ಎದುರು, "ಮಡಿಲು ತುಂಬದವಳು ಆರತಿ ಎತ್ತಬಾರದು ಕಣೇ, ಸರ್ಕೋ ಆಚೆ" ಅಂದದ್ದು ನೀನೂ ಕೇಳಿದೆ. ನೀನು ಕಣ್ಣೊರೆಸಿಕೊಂಡು ಮರೆತೆ. ನಾನು ಮರೆಯಲಿಲ್ಲ.

ಈಗ ಅಳಿಯನ ಮೊದಲ ದೀಪಾವಳಿ. ಅತ್ತಿಗೆ ಬೇಸಿಗೆಯಿಂದ ಕೂತು ಬಿಳಿ ಉಣ್ಣೆಯ ಸ್ವೆಟರ್ ಹೆಣೆದರು. ಅಳಿಯ ಮಹಾಶಯನಿಗೆ ಬಿಳಿ ಬೇಡವಂತೆ, ಕೆಂಪು ಬೇಕಂತೆ. ಉಣ್ಣೆಗೆ ಬಣ್ಣ ಹಾಕುವ ವಿದ್ಯೆ ನಿನ್ನ ಮಗಳಿಗೆ ತಾನೇ ಗೊತ್ತು? ಬೆಣ್ಣೆಯಂಥ ಮಾತಾಡಿಕೊಂಡು ಬಂದರು. ಹೊರಗಾಗಿದ್ದೇನೆ, ಮುಟ್ಟುವ ಹಾಗಿಲ್ಲ ಅಂದೆ. ಹಿತ್ತಲ ಮೂಲೆಯಲ್ಲಿ ಕೂತು ಅಲ್ಲಿಂದಲೇ ಹೇಳು ಅಂದರು. ನೀನು ಕಲಿಸಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬಣ್ಣದ ನೀರಿಗೆ ನಿಂಬೆರಸ ಹಿಂಡಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿಸಬೇಡಿ, ತಿಕ್ಕಬೇಡಿ, ಇಳಿಸಿದ ಮೇಲೆ ಅದೇ ನೀರಲ್ಲಿ ತಾನಾಗಿ ತಣಿಯಲಿ. ಬಿಸಿ ಉಣ್ಣೆಯನ್ನು ತಣ್ಣೀರಿಗೆ ಹಾಕಿ ಕುಕ್ಕಿದರೆ ಕುಗ್ಗಿ ಕಂಬಳಿಯಾಗುತ್ತದೆ ಅಂತಲೂ ಹೇಳಿದೆ. ಪಾತ್ರೆ ಇಳಿಸುವ ತನಕ ಎಲ್ಲ ಹಾಗೆಯೇ ಮಾಡಿದರು, ಪಾಪ. ಬಣ್ಣ ದಾಸವಾಳದ ಹಾಗೆ ಹಿಡಿಯಿತು.

ಆಗ ನಾನು ಎದ್ದು ಹೋಗಿ, ಇನ್ನೂ ಹಬೆಯಾಡುತ್ತಿದ್ದ ಪಾತ್ರೆಯಿಂದ ತೋಳಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ, "ಎಷ್ಟು ಚೆನ್ನಾಗಿದೆ ಅತ್ತಿಗೆ!" ಅಂದೆ. "ಅಯ್ಯೋ ಅನಿಷ್ಟವೇ, ಮೈಲಿಗೆ ಮಾಡ್ಬಿಟ್ಟೆಯಲ್ಲೇ!" ಮಡಿಯ ಭೂತ ಮೈಮೇಲೆ ಬಂದರೆ ಬುದ್ಧಿ ಎಲ್ಲಿರುತ್ತದೆ? ಬಿಸಿಬಿಸಿ ಸ್ವೆಟರನ್ನು ತೊಟ್ಟಿಯ ತಣ್ಣೀರಿಗೆ ಅದ್ದಿ, ಒಗೆಯುವ ಕಲ್ಲಿಗೆ ಕುಕ್ಕಿ ಕುಕ್ಕಿ ಶುದ್ಧ ಮಾಡಿದರು. ಒಣಗಿದ ಮೇಲೆ ನೋಡಿದರೆ ಅಳಿಯನ ತಲೆ ಕೂಡ ತೂರುವುದಿಲ್ಲ! ಅತ್ತಿಗೆ ಗೊಳೋ ಅಂತ ಅತ್ತರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಮಾಡಿದ್ದುಣ್ಣೋ ಮಹರಾಯ. ಬೈಯಬೇಡ ಅಮ್ಮಾ, ನನಗೆ ಚೂರೂ ಬೇಜಾರಿಲ್ಲ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು,
ವತ್ಸಲಾ

ಇನ್ನೊಂದು ಮಾತು: ಅತ್ತಿಗೆ ಬಿಸಾಡಿದ ಸ್ವೆಟರನ್ನು ನಾನು ಎತ್ತಿಟ್ಟುಕೊಂಡು ಈ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ದಪ್ಪಗೆ ಕೂಡಿಕೊಂಡಿದೆ, ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಅವತ್ತು ನಾನು ಹೊರಗಾಗಿರಲಿಲ್ಲ. ಮೂರು ತಿಂಗಳಿಂದಲೂ ಆಗಿಲ್ಲ. ಅವರ ಕಣ್ಣು ಬೀಳದಿರಲಿ ಅಂತ ಸುಳ್ಳೇ ಮೂಲೆಯಲ್ಲಿ ಕೂರುತ್ತಿದ್ದೇನೆ. ಆ ಸ್ವೆಟರನ್ನು ಕತ್ತರಿಸಿ ಒಂದು ಪುಟ್ಟ ಕುಲಾವಿ ಹೊಲಿದಿಡು ಅಮ್ಮಾ.