ದೋಣಿಗೆ ಹಚ್ಚಿದ ಎಣ್ಣೆ

ಬೆಳಕೆ
೫-೧೦-೧೯೬೧

ಚಿ. ಸೌ. ಕಮಲಿಗೆ,

ಆಶೀರ್ವಾದಗಳು. ನಿನ್ನ ಎರಡೂ ಕಾಗದಗಳು ಬಂದಿವೆ. ಗಂಡು ಮಗು ಹುಟ್ಟಿ ತಿಂಗಳಾದರೂ ಹೊನ್ನಾವರದ ಕಡೆ ತಲೆ ಹಾಕದವನು ಎಂತ ಗಂಡ ಎಂದು ನಿನ್ನ ತವರಿನವರು ಅನ್ನುತ್ತಿರಬಹುದು. ಅನ್ನಲಿ. "ಬಾಣಂತಿಗೆ ಈಗ ಎಂತದೂ ಹೇಳೂದು ಬ್ಯಾಡ, ಹಾಲು ಬತ್ತೋಗ್ತದೆ" ಎಂದು ಇಲ್ಲಿ ನನ್ನ ಅವ್ವಿ ತಡೆದಿದ್ದಳು. ಅದಕ್ಕೇ ತಡವಾಯಿತು, ಕ್ಷಮಿಸು. ಮಗನ ಮೂಗು ಥೇಟ್ ನನ್ನದೇ ಎಂದು ಬರೆದಿದ್ದೀಯಲ್ಲ, ಪಾಪದ ಕೂಸು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ಬಂಗಾರಿಯ ಕಣ್ಣು ಹೋಗಿದೆ ಕಮಲಿ. ಎರಡೂ.

ಆಷಾಢದಲ್ಲಿ ಅವಳಿಗೆ ದಡಾರ ಎದ್ದು ಇಳಿಯಿತು ಎಂದು ಬರೆದಿದ್ದೆನಲ್ಲ. ಅಮ್ಮ ಬಂದ ಮನೆಯಲ್ಲಿ ಮೀನು ಬೇಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಅವ್ವಿಯ ಪಥ್ಯ ನಿನಗೆ ಗೊತ್ತೇ ಇದೆ. ಬರೀ ಗಂಜಿ, ಉಪ್ಪು. ಆಮೇಲೆ ಹೊಟ್ಟೆ ಕೆಟ್ಟಿತೆಂದು ಮತ್ತೂ ಅದೇ ಗಂಜಿ. ನೂಲ ಹುಣ್ಣಿಮೆಯ ಹೊತ್ತಿಗೆ ಮುಸ್ಸಂಜೆಯಾದರೆ ಹೊಸ್ತಿಲು ಎಡವತೊಡಗಿದಳು. "ಅಪ್ಪಾ, ದೀಪ ಹಚ್ಚಾ" ಎನ್ನುವಳು. ದೀಪ ಅವಳ ಎದುರಿಗೇ ಉರಿಯುತ್ತಿತ್ತು.

ಭಟ್ಕಳಕ್ಕೆ ಎತ್ತಿಕೊಂಡು ಹೋಗುವಷ್ಟರಲ್ಲಿ ಕರಿಗುಡ್ಡೆ ಬೆಳ್ಳಗಾಗಿ ಮೆತ್ತಗಾಗಿತ್ತು. ಡಾಕ್ಟರು ಹೇಳಿದರು: "ವಿಟಮಿನ್ ಎ ಇಲ್ದೆ ಹೀಗಾಗಿದೆ ಮಾಸ್ತರ್ರೇ. ಅದನ್ನ ದೇಹ ತಾನಾಗಿ ಹುಟ್ಟಿಸ್ಕೊಳ್ಳೂದಿಲ್ಲ, ತಿಂದದ್ದರಿಂದಲೇ ಬರ್ಬೇಕು. ಇದ್ದದ್ದನ್ನ ದಡಾರ ತಿಂದು ಹಾಕ್ತು, ನೀವು ಮತ್ತೆ ತುಂಬಲಿಲ್ಲ. ಹದಿನೈದು ದಿನ ಮೊದ್ಲು ಬಂದಿದ್ರೆ ಮೀನಿನ ಕಾರಿಜದ, ಅಂದ್ರೆ ಲಿವರಿನ, ಎಣ್ಣೆಯಲ್ಲೇ ವಾಸಿ ಆಗ್ತಿತ್ತು."

'ದೇಹಕ್ಕೆ ಜೀವಸತ್ವಗಳು ಏಕೆ ಬೇಕು?' ನಾಲ್ಕನೇ ಇಯತ್ತೆಗೆ ವರ್ಷವೂ ನಾನೇ ಕಲಿಸುವ ಪಾಠ. ಗೋಡೆಯ ಚಾರ್ಟಿನಲ್ಲಿ ಕಾಡ್ ಲಿವರ್ ಎಣ್ಣೆಯ ಸೀಸೆಯ ಚಿತ್ರವಿದೆ. ಅದು ವಿಲಾಯಿತಿ ಮೀನಿನದು, ನಮ್ಮಂಥವರಿಗೆ ಸಿಗುವುದಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮ ಹಿತ್ತಲಲ್ಲಿ ತಮ್ಮ ಸೋಮ ತಾಟೆ ಮೀನಿನ ಕಾರಿಜ ಕಾಯಿಸಿ, ದೋಣಿಗೆ ಹಚ್ಚಲೆಂದು ಒಂದು ಡಬ್ಬಿ ಎಣ್ಣೆ ಇಟ್ಟಿದ್ದ. ಗುಣದಲ್ಲಿ ಎರಡೂ ಒಂದೇ ಎಂದು ಡಾಕ್ಟರು ಹೇಳಿದ ಮೇಲೆ ತಿಳಿಯಿತು. ದೋಣಿಯೇನೋ ಮಿರಿಮಿರಿ ಹೊಳೆಯುತ್ತಿದೆ.

ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಶಾಲೆಗೆ ಹೋಗುತ್ತೇನೆ, ಹಾಜರಿ ಕರೆಯುತ್ತೇನೆ, ಬಂದು ಉಣ್ಣುತ್ತೇನೆ. ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಊರಿನ ಬಾಯಿಗೆ ಈಗ ಅವ್ವಿಯೇ ಸಿಕ್ಕಿದ್ದಾಳೆ. "ಮುದ್ಕಿ ಪಥ್ಯ ಪಥ್ಯ ಅಂದ್ಕಂಡು ಮಗೀನ ಕಣ್ಣೇ ತೆಗೀತು" ಎಂದು ಪಕ್ಕದ ಮನೆಯ ಸುಬ್ಬಿ ಬಾವಿಕಟ್ಟೆಯಲ್ಲಿ ಎದುರಿಗೇ ಅಂದಳಂತೆ. ಅವ್ವಿ ಕೊಡ ತುಂಬಿಕೊಂಡು ಬಂದಳು.

ಬಂಗಾರಿ ಅಳುವುದಿಲ್ಲ. "ತಮ್ಮ ಬಂದ್ರೆ ಮುಟ್ಟಿ ನೋಡ್ತೆ" ಎನ್ನುತ್ತಾಳೆ. ಬರುವಾಗ ಅಂಗಳದ ದಣಪೆ ದಾಟುವಾಗಲೇ ಅವಳ ಹೆಸರು ಹಿಡಿದು ಕರೆ. ಸುಮ್ಮನೆ ಎದುರಿಗೆ ಬಂದು ನಿಂತುಬಿಡಬೇಡ.

ಬಾಣಂತಿಗೆ ಆಗದು ಎಂದು ಯಾರು ಹೇಳಿದರೂ ಮೀನು, ಸೊಪ್ಪು ಬಿಡಬೇಡ. ನಿನ್ನ ಹಾಲಿನಿಂದಲೇ ಮಗನಿಗೆ ಎಲ್ಲ ಹೋಗಬೇಕು. ಅವನು ನೂರು ವರ್ಷ ಬಾಳಲಿ, ನೂರು ವರ್ಷವೂ ಕಣ್ಣಾರೆ ಕಾಣಲಿ. ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ
ದುರ್ಗಪ್ಪ

ತಾ.ಕ.: ಅವ್ವಿಯನ್ನು ಬಯ್ಯಬೇಡ. ಬಂಗಾರಿ ಎಡವಿದ ಮೊದಲ ಸಂಜೆಯೇ ಅವಳು ಆ ಡಬ್ಬಿಯಿಂದ ಒಂದು ಚಮಚ ಎಣ್ಣೆ ತಂದಿದ್ದಳು. "ಇದು ಇರುಳುಗಣ್ಣು ಮಗಾ. ನಮ್ಮಜ್ಜಿ ಇದ್ನೇ ಕುಡಿಸ್ತಿತ್ತು" ಅಂದಳು. "ಮಾಸ್ತರನ ಮಗಳಿಗೆ ದೋಣಿ ಎಣ್ಣೆ ಕುಡಿಸ್ತೀಯಾ?" ಎಂದು ಚಮಚ ಕಿತ್ತುಕೊಂಡು ಡಬ್ಬಿಗೇ ಸುರಿದವನು ನಾನು. ಮರುದಿನ ಸೋಮನ ಜೊತೆ ನಿಂತು ಅದನ್ನು ದೋಣಿಗೆ ಹಚ್ಚಿದವನೂ ನಾನೇ. ಅವ್ವಿ ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಾನೂ ಹೇಳಿಲ್ಲ.