ಒಂದಕ್ಕೆ ಬದಲು ಮೂರು

ಹೊಸಪೇಟೆ
11 ನವೆಂಬರ್ 2024

ಪ್ರೀತಿಯ ವಂದನಾ,

ಹೇಗಿದ್ದೀ? ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆದಿಲ್ಲ, ಸಿಟ್ಟಾಗಬೇಡ. ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನವಾಯಿತು. ಅಕ್ಷರ ಸೊಟ್ಟಗಿವೆ, ಹೇಗೋ ಓದಿಕೋ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ನನ್ನನ್ನು ಹೊಡೆದರು.

ನನ್ನ ಇಂಗ್ಲಿಷ್ ತರಗತಿಯ ಕ್ರಮ ನಿನಗೆ ಗೊತ್ತು. ಸೇರುವವರಿಗೆ ಮೊದಲ ದಿನವೇ ಪರೀಕ್ಷೆ ಕೊಟ್ಟು, ಯಾರು ಯಾವ ಹಂತದಲ್ಲಿದ್ದಾರೆ ಎಂದು ನೋಡಿ ಕೂರಿಸುತ್ತೇನೆ. ನಿಮಗೆ ಎಷ್ಟು ಬರುತ್ತದೆ ಎಂದು ನಿಮಗೇ ಗೊತ್ತಿರಬೇಕು ಎಂದು ಎಲ್ಲರೆದುರು ಭಾಷಣ ಬಿಗಿಯುವವಳೂ ನಾನೇ.

ಜೂನ್‌ನಲ್ಲಿ ಮಲಪನಗುಡಿಯ ರಾಯಣ್ಣ ಬಂದ. ನಲವತ್ತರ ಆಳು, ಸಂಡೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಫಿಟ್ಟರ್. ಅವನ ತಮ್ಮ ಲಿಂಗರಾಜನ ಹೆಂಡತಿ ಹೇಮಾಳೂ ಸೇರಿದಳು. ಅವಳಿಗೆ ಕಡ್ಡಿರಾಂಪುರದ ಹೋಂಸ್ಟೇಯಲ್ಲಿ ಕೆಲಸ. ಇಬ್ಬರದೂ ಅಕ್ಷರ ಕೂಡಿಸಿ ಓದಲು ಕಲಿಯುವ ಒಂದನೇ ಹಂತ.

ಹೇಮಾ ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಂತಳು. "ಭಾವಾರ ಮುಂದ ಹೆಂಗ ಬಾಯಿ ಬಿಡ್ಲಿರಿ ಮೇಡಂ? ಮನ್ಯಾಗ ಅವರೆದ್ರಿಗೆ ಕುರ್ಚಿ ಮ್ಯಾಲ ಸೈತ ಕುಂದ್ರಂಗಿಲ್ಲ ನಾನು."

ರಾಯಣ್ಣ ನೆಲ ನೋಡುತ್ತ, "ಆಕಿ ಕ್ಲಾಸ್ ಬಿಡೋದು ಬ್ಯಾಡ್ರಿ, ನಾನಾ ಬಿಡ್ತೀನಿ" ಎಂದ.

ಎರಡನೇ ಹಂತದ ತರಗತಿ ಆಗ ಇರಲಿಲ್ಲ. ಉತ್ತರ ಪತ್ರಿಕೆ ಮತ್ತೊಮ್ಮೆ ನೋಡಿದೆ, ನಿಮ್ಮದು ಮೂರನೇ ಹಂತ ಎಂದು ಮರುದಿನ ಅವನಿಗೆ ಸುಳ್ಳು ಹೇಳಿದೆ. ದಾಖಲೆಯಲ್ಲೂ ಹಾಗೇ ಬರೆದೆ. ಗುಟ್ಟು ಗೊತ್ತಿದ್ದದ್ದು ಹೇಮಾಗೆ ಮಾತ್ರ. ಇಬ್ಬರ ಮರ್ಯಾದೆಯನ್ನೂ ಉಳಿಸಿದೆನೆಂದು ಆ ದಿನ ಖುಷಿಯಾಗಿದ್ದೆ, ವಂದನಾ.

ಕಾರ್ಖಾನೆಯವರು ನನ್ನಲ್ಲಿ ಕಲಿಯುವ ತಮ್ಮ ಕೆಲಸಗಾರರ ಹಂತದ ಪಟ್ಟಿ ಕೇಳಿದರು. ಕಳಿಸಿದೆ. ಮೂರನೇ ಹಂತದವರನ್ನು, ಯಾವ ಕೆಲಸ ಶುರು ಮಾಡಬಹುದು, ಯಾವುದು ಬಾರದು ಎಂದು ಬರೆದಿರುವ ಪರವಾನಗಿ ಚೀಟಿ ಓದಿ ಉಳಿದವರಿಗೆ ಹೇಳುವ ಕೆಲಸಕ್ಕೆ ಹಾಕಿದರು. ಸೆಪ್ಟೆಂಬರ್ ಇಪ್ಪತ್ತರಂದು ಒಂದು ಕೊಳವೆ ಬಿಚ್ಚಬೇಕಿತ್ತು. ಒಳಗೆ ಇನ್ನೂ ಹಬೆಯಿದೆ, ಮುಟ್ಟಬೇಡಿ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿತ್ತು. ರಾಯಣ್ಣ ಸಹಿ ಹಾಕಿ, ಬಿಚ್ಚಿರಿ ಎಂದು ತಲೆಯಾಡಿಸಿದ. ಬೋಲ್ಟು ಬಿಚ್ಚಿದವನು ಅವನ ಹೆಂಡತಿಯ ತಮ್ಮ ಮೂಕಣ್ಣ. ಹಬೆ ನೇರ ಮುಖಕ್ಕೆ ಹೊಡೆಯಿತು. ಎಳೆಯಲು ಹೋದ ರಾಯಣ್ಣನ ಕೈಗೆ ಮೂಕಣ್ಣನ ತೋಳಿನ ಚರ್ಮ ಅಂಗಿಯ ಸಮೇತ ಕಿತ್ತು ಬಂತಂತೆ. ಮೂರು ದಿನ ಕಿರುಚಿ ಮೂಕಣ್ಣ ಸತ್ತ. ರಾಯಣ್ಣನ ಎರಡೂ ಅಂಗೈ ಬೆಂದಿವೆ. ಓದಿಯೇ ಸಹಿ ಹಾಕಿದ್ದಾನೆ, ಕೊಂದವನು ಅವನೇ ಎಂದು ಕಾರ್ಖಾನೆಯವರು ದೂರು ಕೊಟ್ಟರು.

ಮಣ್ಣು ಮಾಡಿ ಬಂದ ಮೇಲೆ ಹೇಮಾ ಅಳುತ್ತ ಗಂಡನಿಗೆ ಗುಟ್ಟು ಹೇಳಿದ್ದಾಳೆ. ಮರುದಿನ ಬೆಳಿಗ್ಗೆ ಲಿಂಗರಾಜ ಕಬ್ಬಿಣದ ಸಲಾಕೆ ಹಿಡಿದು ತರಗತಿಗೆ ನುಗ್ಗಿದ.

"ನಮ್ಮಣ್ಣಗ ಓದಾಕ ಬರಂಗಿಲ್ಲ ಅಂತ ಗೊತ್ತಿತ್ತಲ್ಲ ನಿನಗ! ಯಾಕ ಮ್ಯಾಲ ಹತ್ತಿಸಿದಿ? ಹೇಳಲೇ!"

ಕಂಪ್ಯೂಟರ್ ಪುಡಿಯಾಯಿತು, ಬೋರ್ಡು ಸೀಳಿತು. ಮೂರನೇ ಏಟು ನನ್ನ ಕೈಗೆ. ಎಲುಬು ಮುರಿದ ಸದ್ದು ನನಗೇ ಕೇಳಿತು. ಕೂದಲು ಹಿಡಿದು ಮುಖವನ್ನು ಗೋಡೆಗೆ ಗುದ್ದಿದ. ಒಂದು ಹಲ್ಲು ರಕ್ತದ ಜೊತೆ ಬಾಯಿಗೆ ಬಂತು. ಅವನ ಹಿಂದೆಯೇ ಓಡಿ ಬಂದ ಹೇಮಾ ಸ್ಟೂಲು ಎತ್ತಿ ಗಂಡನ ಬೆನ್ನಿಗೆ ಬಾರಿಸಿದಳು.

"ಬಿಡ್ರೀ! ಈಕಿನೂ ಸತ್ರ ನಿಮ್ಮಣ್ಣನ ಪರ ಯಾರು ಸಾಕ್ಷಿ ಹೇಳ್ತಾರ?"

ಅವನು ಅವಳ ಕಪಾಳಕ್ಕೆ ಬಿಟ್ಟು ನೆಲಕ್ಕುರುಳಿಸಿದ. ಆಮೇಲೆ ಸಲಾಕೆ ಬಿಸಾಕಿ ಅವಳ ಪಕ್ಕದಲ್ಲೇ ಕುಸಿದು ಗೋಳೋ ಎಂದು ಅತ್ತ. ನಾನು ಅವನ ಮೇಲೆ ದೂರು ಕೊಟ್ಟಿಲ್ಲ. ಕರುಣೆಯಿಂದಲ್ಲ. ಓದಲು ಬರದವನನ್ನು ಮೇಲೆ ಹತ್ತಿಸಿದವಳು ನಾನೇ.

ಕಳೆದ ವಾರ ತನಿಖೆಯ ಅಧಿಕಾರಿಗೆ ರಾಯಣ್ಣನ ಮೂಲ ಉತ್ತರ ಪತ್ರಿಕೆ ಕೊಟ್ಟೆ. ಹಂತ ತಿದ್ದಿದವಳು ನಾನು, ಅವನು ನನ್ನ ಮಾತು ನಂಬಿದ್ದ, ತನಗೆ ಓದಲು ಬರುವುದಿಲ್ಲವೆಂದು ಅವನಿಗೇ ತಿಳಿದಿರಲಿಲ್ಲ ಎಂದು ಬರೆದುಕೊಟ್ಟೆ.

"ಹಂಗಾದ್ರ ಕೇಸು ನಿಮ್ಮ ಮ್ಯಾಲ ತಿರುಗ್ತೈತ್ರಿ, ಮೇಡಂ" ಎಂದರು.

"ತಿರುಗಲಿ ಬಿಡ್ರಿ" ಎಂದೆ.

ವೇದಾಂತನ ಪರೀಕ್ಷೆ ಹತ್ತಿರ ಬಂತಲ್ಲವೇ? ಅವನಿಗೆ ಈ ಚಿಕ್ಕಮ್ಮನ ಆಶೀರ್ವಾದ ಹೇಳು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಶ್ರೀಲಕ್ಷ್ಮೀ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅಪಘಾತಕ್ಕೆ ಎರಡು ದಿನ ಮೊದಲು ರಾಯಣ್ಣ ಅಂಥದ್ದೇ ಒಂದು ಚೀಟಿ ತಂದಿದ್ದ. "ಇದು ನನಗ ತಿಳಿಯವಲ್ದು ಮೇಡಂ. ನಾನು ಒಂದರಾಗಿನಾವನಾ. ಹೇಮಾ ಇದ್ರೂ ಇರ್ಲಿ, ಕೆಳಗ ಕುಂದ್ರಸ್ರಿ. ಕಂಪನಿಗೂ ಒಂದು ಮಾತು ಹೇಳ್ರಿ" ಎಂದ. ಕಳಿಸಿದ ಪಟ್ಟಿ ತಪ್ಪೆಂದು ಹೇಳಲು ನನಗೆ ನಾಚಿಕೆ. "ಹೆದರಬ್ಯಾಡ್ರಿ, ರೂಢಿ ಆಗ್ತದ" ಎಂದು ಕಳಿಸಿಬಿಟ್ಟೆ. ಇದನ್ನು ಅಧಿಕಾರಿಗೆ ಹೇಳಿದರೆ, ಗೊತ್ತಿದ್ದೂ ಸಹಿ ಹಾಕಿದನೆಂದು ಅವನು ಜೈಲಿಗೆ ಹೋಗುತ್ತಾನೆ. ಅದಕ್ಕೇ ಹೇಳಲಿಲ್ಲ. ಉಳಿಸಿದ್ದು ಅವನನ್ನೋ ನನ್ನನ್ನೋ, ತಿಳಿಯುತ್ತಿಲ್ಲ. ಆಸ್ಪತ್ರೆಗೆ ಹೋದಾಗ ಅವನೂ ಆ ಮಾತೆತ್ತಲಿಲ್ಲ. ಬ್ಯಾಂಡೇಜು ಸುತ್ತಿದ ಎರಡೂ ಕೈ ಎತ್ತಿ ನನಗೆ ಮುಗಿಯಲು ನೋಡಿದ.