ಏಳು ಕೀಗಳ ಜಾಗದಲ್ಲಿ ಎಂಟು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡಬೇಕೆಂದು ನಿನ್ನಮ್ಮ ಬರೆಯಲು ಹೇಳಿದ್ದಾಳೆ. ಅವಳು ಹೇಳದಿದ್ದರೂ ಬರೆಯುತ್ತಿದ್ದೆ. ನನ್ನ ಮಂಡಿನೋವು ಹಾಗೇ ಇದೆ. ಮೂವತ್ತೈದು ವರ್ಷ ಪಿಯಾನೋಗಳ ಕೆಳಗೆ ತೂರಿ ರಿಪೇರಿ ಮಾಡಿದವನ ಮಂಡಿ ಇನ್ನು ಕುಣಿದಾಡೀತೇ?

ನಿನ್ನೆ ಅಂಗಡಿಗೆ ಒಂದು ವಿಚಿತ್ರ ಕೀಬೋರ್ಡ್ ಬಂತು. ಒಂದು ಬಿಳಿ ಕೀ, ಒಂದು ಕರಿ ಕೀ, ಉದ್ದಕ್ಕೂ ಹಾಗೇ. ಎರಡೇ ಬಗೆಯ ಬೆರಳೋಟ ಕಲಿತರೆ ಯಾವ ಶ್ರುತಿಯಲ್ಲಾದರೂ ನುಡಿಸಬಹುದಂತೆ. ತಂದವರು ಅದನ್ನು ಹೊಗಳಿದ್ದೇ ಹೊಗಳಿದ್ದು. ಕಣ್ಣು ಮುಚ್ಚಿ ಕೈಯಿಟ್ಟರೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಮಾಮೂಲಿ ಪಿಯಾನೋದಲ್ಲಿ ಎರಡು ಕರಿ, ಮೂರು ಕರಿಗಳ ಗುಂಪು ತಡವಿ ಬೆರಳು ದಾರಿ ಕಂಡುಕೊಳ್ಳುತ್ತದಲ್ಲ, ಆ ಗುರುತೇ ಅದರಲ್ಲಿಲ್ಲ. ನಗು ಬಂತು. ನಿನ್ನ ಕೀಬೋರ್ಡ್ ನೆನಪಾಗಿ ನಗು ನಿಂತೂ ಹೋಯಿತು.

ಆಗ ನಿನಗೆ ಒಂಬತ್ತು ವರ್ಷ. ಹೆಬ್ಬೆರಳನ್ನು ಒಂದು ಕೀ ಮೇಲಿಟ್ಟರೆ ಅಲ್ಲಿಂದ ಎಂಟನೆಯ ಕೀಗೆ ಕಿರುಬೆರಳು ಎಟುಕದೆ, "ಅಪ್ಪಾ, ನನ್ ಕೈ ಎಳೆದು ಉದ್ದ ಮಾಡು" ಎಂದು ಅಳುತ್ತಿದ್ದೆ. ಕೈ ಉದ್ದ ಮಾಡಲಾಗದೆ ನಾನು ಒಂದು ಹಳೆಯ ಪಿಯಾನೋದ ಕೀಗಳನ್ನು ಸಣ್ಣ ಮಾಡಿದೆ, ಏಳರ ಜಾಗದಲ್ಲಿ ಎಂಟು ಕೂರಿಸಿದೆ. ತಂತಿಗಳು ಹಳೆಯ ಅಗಲದಲ್ಲೇ ಇದ್ದುದರಿಂದ ಕೀಗಳ ಹಿಂಬದಿಯನ್ನು ಬೀಸಣಿಗೆಯಂತೆ ಓರೆಯಾಗಿ ಕೊಯ್ಯಬೇಕಾಯಿತು. ಎರಡು ತುದಿಯ ಕೀಗಳು ಸರಾಗವಾಗಿ ಏಳದೆ ಕೊನೆಯವರೆಗೂ ಮೊಂಡು ಹಿಡಿದವು. ಆದರೂ ಎಂಟನೆಯದು ಮೊದಲ ಸಲ ಎಟುಕಿದಾಗ ನೀನು ಹಾಕಿದ ಕೂಗಿಗೆ ನಿನ್ನಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು. ಶನಿವಾರ ಪಾಠಕ್ಕೆ ಬರುತ್ತಿದ್ದ ಟೀಚರಮ್ಮನ ಬೆರಳು ಅದರ ಮೇಲೆ ತಪ್ಪಿದಾಗಲೆಲ್ಲ ನಾವಿಬ್ಬರೂ ಮುಸಿಮುಸಿ ನಗುತ್ತಿದ್ದೆವು. ಎಂಥ ದಿನಗಳಮ್ಮಾ ಅವು! ಆರು ವರ್ಷ ನೀನು ಅದನ್ನೇ ನುಡಿಸಿದೆ. ಅಂಗಡಿ ತುಂಬ ಪಿಯಾನೋಗಳಿದ್ದರೂ, "ಬೇರೇದನ್ನ ಮುಟ್ಬೇಡ, ಕೈ ಕೆಟ್ಟುಹೋಗುತ್ತೆ" ಎಂದು ಗದರುತ್ತಿದ್ದವನು ನಾನು.

ಸಂಗೀತಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಇದ್ದದ್ದು ಮಾಮೂಲಿ ಪಿಯಾನೋ. ಎಂಟನೆಯ ಕೀಗೆ ಹಾರಿದಾಗಲೆಲ್ಲ ನಿನ್ನ ಬೆರಳು ಏಳನೆಯದರ ಮೇಲೆ ಬಿತ್ತು. ಅರ್ಧಕ್ಕೇ ಎದ್ದು ಬಂದೆ. "ನನ್ ಕೈಯೇ ಸರಿಯಿಲ್ಲಪ್ಪಾ" ಎಂದವಳು ಹನ್ನೆರಡು ವರ್ಷದಿಂದ ಒಂದು ಕೀಯನ್ನೂ ಒತ್ತಿಲ್ಲ. ನಾನೋ, ಪರೀಕ್ಷಕರನ್ನು ಬೈದುಕೊಂಡು ಊರೆಲ್ಲ ತಿರುಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಮನೆಯಲ್ಲೇ ಇದ್ದ.

ನಿನ್ನ ಜೊತೆಯಲ್ಲಿರುವ ಗೆಳತಿಗೆ ನಮ್ಮ ನೆನಪು ತಿಳಿಸು. ನೂರು ಕಾಲ ತಣ್ಣಗೆ ಬಾಳು, ತಾಯಿ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ಪರೀಕ್ಷೆಗೆ ಎರಡು ತಿಂಗಳ ಮುಂಚೆ ಟೀಚರಮ್ಮ ಅಂಗಡಿಗೆ ಬಂದು, "ದಿನಾ ಸಂಜೆ ನಮ್ಮನೆಗೆ ಕಳಿಸಿ, ಮಾಮೂಲಿ ಪಿಯಾನೋಗೆ ಕೈ ಹೊಂದಿಕೊಳ್ಳಲಿ" ಎಂದಿದ್ದರು. ನಿನಗೆ ಹೇಳಲಿಲ್ಲ. ಒಮ್ಮೆ ಹೋದರೆ ನಾನು ಮಾಡಿಕೊಟ್ಟ ಕೀಬೋರ್ಡಿಗೆ ನೀನು ಮರಳಿ ಬರಲಾರೆ ಎಂಬ ಹೆದರಿಕೆ. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಮಗಳೇ.